ಪತ್ತನಾಜೆಯೂ ವಿಕ್ಟೋರಿಯಾ ರಾಣಿಯೂ

ಪತ್ತನಾಜೆ ಕಳೆಯದೆ ಬೆಂಡೆ ಬೀಜದ ಡಬ್ಬಿಯ ಮುಚ್ಚಳ ತೆಗೆಯಬಾರದು ಎಂಬುದು ಕಟಪಾಡಿಯ ನಮ್ಮ ಚಿಕ್ಕಮ್ಮನ ಕಾನೂನು. ತುಳುವರ ಬೇಶ ತಿಂಗಳ ಹತ್ತನೆಯ ದಿನ ಅದು. ಗೋಡೆಯ ಕ್ಯಾಲೆಂಡರಿನಲ್ಲಿ ಮೇ 24ರ ಆಸುಪಾಸು. ಅಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನೇಮಗಳಿಗೆ ವಿರಾಮ, ಹತ್ತು ಹನಿಯಾದರೂ ಮಳೆ ಬೀಳಲೇಬೇಕೆಂದು ಊರಿಗೆ ಊರೇ ಆಕಾಶ ನೋಡುತ್ತದೆ. ಒಂಬತ್ತೇ ಹನಿ ಬಿದ್ದರೆ ಎಂತ ಮಾಡುವುದು ಎಂದು ಮಾತ್ರ ಹಿರಿಯರು ಹೇಳಿಟ್ಟಿಲ್ಲ.

ಕಾನೂನಿಗೆ ಕಾರಣ ಉಂಟು. ಮೇ ತಿಂಗಳ ಒಂದು ಸಂಜೆ ಘಟ್ಟದ ಕಡೆಯಿಂದ ಗುಡುಗಿಕೊಂಡು ಬಂದ ಮಳೆ ಜೋರಾಗಿ ಹೊಡೆಯುತ್ತದೆ. ಕರೆಂಟು ಹೋಗುತ್ತದೆ, ಮಣ್ಣಿನ ಪರಿಮಳ ಏಳುತ್ತದೆ, ಬೀಜ ಹಾಕಲು ಕೈ ತುರಿಸುತ್ತದೆ. ಆ ಮಳೆಯನ್ನು ನಂಬಿದವರ ಗಿಡ ಎರಡೆಲೆ ಬಿಡುವಷ್ಟರಲ್ಲಿ ಮಳೆಯ ಸುಳಿವೇ ಇಲ್ಲ. ಹಿಂದಿಗಿಂತ ಖಾರದ ಬಿಸಿಲು. ನೀರು ಹೊಯ್ಯೋಣವೆಂದರೆ ಬಾವಿಯ ತಳ ಕಾಣುವ ಕಾಲ. ಹಾಗೆಂದು ತಡ ಮಾಡುವಂತೆಯೂ ಇಲ್ಲ. ಜೂನ್ 1ರ ಹೊತ್ತಿಗೆ ಕೇರಳಕ್ಕೆ ಕಾಲಿಡುವ ಮುಂಗಾರು ಕೆಲವೇ ದಿನಗಳಲ್ಲಿ ನಮ್ಮ ಅಂಗಳದಲ್ಲಿರುತ್ತದೆ. ಆಮೇಲೆ ಹಾಕಿದ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಬೆಂಡೆ, ಹಾಗಲ, ಹೀರೆ, ಮುಳ್ಳುಸೌತೆ ಎಲ್ಲವೂ ಮಳೆ ಹಿಡಿಯುವ ಮೊದಲು ಬೇರು ಹಿಡಿಯಬೇಕು.

ಚಿಕ್ಕಮ್ಮನ ಮಗಳು ಇರುವುದು ಕೆನಡಾದ ಟೊರಾಂಟೊ ಹತ್ತಿರ. ಬಸಳೆ ಇಲ್ಲದೆ ಬದುಕುವುದು ಹೇಗೆಂದು ಅಲ್ಲಿಯೂ ಬೀಜ ತಂದು, ಅಡುಗೆಮನೆಯ ಕಿಟಕಿಯಲ್ಲಿ ಮೊಸರಿನ ಡಬ್ಬಿಗಳಲ್ಲಿ ಗಿಡ ಮಾಡುತ್ತಾಳೆ. ಏಪ್ರಿಲಿನ ವೀಡಿಯೊ ಕಾಲ್‌ನಲ್ಲಿ ಗಿಡ ನೋಡಿದ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ.

“ಹೊರಗೆ ಅಷ್ಟು ಚಂದ ಬಿಸಿಲುಂಟಲ್ಲ, ನೆಡ್ಲಿಕ್ಕೆ ಎಂತ ಧಾಡಿ?”

“ಈಗ ನೆಟ್ರೆ ರಾತ್ರಿ ಹಿಮಕ್ಕೆ ಸತ್ತು ಹೋಗ್ತದಮ್ಮ. ವಿಕ್ಟೋರಿಯಾ ಡೇ ಕಳೀಬೇಕು.”

“ಅದು ಯಾರು?”

“ರಾಣಿ.”

“ರಾಣಿಗೂ ಬಸಳೆಗೂ ಎಂತ ಸಂಬಂಧ ಮಾರಾಯ್ತಿ?”

ಸಂಬಂಧ ಇಷ್ಟೇ. ರಾಣಿ ಹುಟ್ಟಿದ್ದು 1819ರ ಮೇ 24ರಂದು. ಕೆನಡಾದಲ್ಲಿ ಮೇ 25ಕ್ಕೆ ಹಿಂದಿನ ಸೋಮವಾರ ಅವಳ ಹೆಸರಿನ ರಜೆ. ದಕ್ಷಿಣ ಒಂಟಾರಿಯೊದ ಕೈತೋಟದವರು ಟೊಮೆಟೊ, ಮೆಣಸು, ಬದನೆಗಳನ್ನು ಆ ರಜೆಯ ತನಕ ಮನೆಯೊಳಗೇ ಸಾಕುವುದು ವಾಡಿಕೆ. ಅಂದರೆ ರಾಣಿಯ ಹುಟ್ಟುಹಬ್ಬವೂ ನಮ್ಮ ಪತ್ತನಾಜೆಯೂ ಒಂದೇ ವಾರದ ಬಾಗಿಲಲ್ಲಿ ಡಿಕ್ಕಿ ಹೊಡೆಯುತ್ತವೆ. ಅಲ್ಲಿ ಚಳಿ ಮುಗಿಯಿತೇ ಎಂಬ ಚಿಂತೆ, ಇಲ್ಲಿ ಬಿಸಿಲು ಮುಗಿಯಿತೇ ಎಂಬ ಚಿಂತೆ. ಜನವರಿಯಲ್ಲಿ 19 ಡಿಗ್ರಿಗೇ ಮಫ್ಲರ್ ಸುತ್ತಿಕೊಳ್ಳುವ ನಾವು ಈ ಕಾಕತಾಳೀಯಕ್ಕೆ ಹಿಗ್ಗಬಾರದು ನಿಜ. ಆದರೂ ನಾನು ಹಿಗ್ಗಿದೆ.

ಕಡೆಯ ಹಿಮದ ಸರಾಸರಿ ದಿನಾಂಕ ಅಂತ ಅಲ್ಲಿ ಊರೂರಿಗೂ ಪಟ್ಟಿ ಸಿಗುತ್ತದಂತೆ. ಸರಾಸರಿ ನಂಬಿ ನೆಟ್ಟರೆ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಹೊಡೆತ ತಿನ್ನುವುದು ಖಚಿತ, ಏಕೆಂದರೆ ಅರ್ಧದಷ್ಟು ವರ್ಷಗಳಲ್ಲಿ ಆ ದಿನದ ಆಚೆಗೂ ಹಿಮ ಬೀಳುತ್ತದೆ. ಅದು ಬೀಳುವ ರೀತಿಯೂ ನಮ್ಮ ಬುದ್ಧಿಗೆ ತಲೆಕೆಳಗು. ಮೋಡವಿಲ್ಲದ, ಗಾಳಿಯಾಡದ, ನಕ್ಷತ್ರ ಹೊಳೆಯುವ ರಾತ್ರಿಯೇ ಅಪಾಯ. ನೆಲ ಹಗಲು ಕುಡಿದ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದರಲ್ಲಿ ಒಂದಷ್ಟನ್ನು ಹಿಂದಕ್ಕೆ ಕಳಿಸಲು ಮೋಡ ಇರುವುದಿಲ್ಲ. ಆಳೆತ್ತರದಲ್ಲಿ ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿದ್ದರೂ ನೆಲದ ಹತ್ತಿರದ ಎಲೆ ಸೊನ್ನೆಗೆ ಇಳಿದಿರುತ್ತದೆ. ಎಲೆಯೊಳಗಿನ ನೀರು ಗಟ್ಟಿಯಾಗಿ ಜೀವಕೋಶ ಒಡೆದರೆ ಬೆಳಿಗ್ಗೆ ಗಿಡ ಬೇಯಿಸಿದ ಹಾಗೆ ಕಪ್ಪಾಗಿ ಜೋತುಬೀಳುತ್ತದೆ. ತಣ್ಣನೆ ಗಾಳಿ ಭಾರವಾದ್ದರಿಂದ ತಗ್ಗಿನ ತೋಟಕ್ಕೆ ಮೊದಲ ಪೆಟ್ಟು. ಇಲ್ಲಿ ಗೇರು ಹೂ ಬಿಟ್ಟಾಗ ಮೋಡ ಕವಿದರೆ ಹೂ ಕರಟಿತೆಂದು ತಲೆಗೆ ಕೈ ಹೊತ್ತು ಕೂರುವ ಚಿಕ್ಕಮ್ಮನಿಗೆ, ಮಗಳು ರಾತ್ರಿ ಮೋಡ ನೋಡಿ ನಿಟ್ಟುಸಿರು ಬಿಡುವುದು ಅರ್ಥವಾಗಲು ಸ್ವಲ್ಪ ಸಮಯವೇ ಬೇಕಾಯಿತು.

ಜರ್ಮನಿಯ ಕಡೆ ಈ ಕೆಲಸಕ್ಕೆ ಸಂತರನ್ನೇ ನೇಮಿಸಿದ್ದಾರೆ. ಮೇ 11ರಿಂದ 15ರವರೆಗೆ ಮಾಮರ್ಟಸ್, ಪಂಕ್ರಾಸ್, ಸರ್ವೇಷಿಯಸ್, ಬೋನಿಫೇಸ್, ಕೊನೆಗೆ ಸೋಫಿ. ಅವರೆಲ್ಲ ದಾಟಿಹೋದ ಮೇಲೆ ನೆಡು ಎಂಬುದು ಅಲ್ಲಿನ ರೈತರ ಮಾತು. 1582ರಲ್ಲಿ ಪೋಪ್ ಕ್ಯಾಲೆಂಡರಿನಿಂದ 10 ದಿನ ಕಿತ್ತುಹಾಕಿದ್ದರಿಂದ ಈ ಸಂತರ ನಿಜವಾದ ಚಳಿ ಇನ್ನೂ ಹತ್ತು ದಿನ ಮುಂದೆ ಎಂದು ವಾದಿಸುವವರೂ ಇದ್ದಾರೆ. ಹಾಗೆ ಲೆಕ್ಕ ಹಾಕಿದರೆ ಅದೂ ಪತ್ತನಾಜೆಯ ಸುತ್ತಲೇ ಬಂದು ಕೂರುತ್ತದೆ! 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಪಾದ್ರಿಗಳ ಪೈಕಿ ಯಾರಾದರೂ ಮೇ ತಿಂಗಳ ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತ ಈ ಸಂತರನ್ನು ನೆನೆದಿದ್ದರೆ ನನಗೆ ಆಶ್ಚರ್ಯವಿಲ್ಲ. ಪಾಪ, ಇಲ್ಲಿ ಆ ಸಂತರಿಗೆ ಕೆಲಸವೇ ಇಲ್ಲ.

ಹವಾಮಾನ ಇಲಾಖೆಗಳು ಇಷ್ಟು ಮುಂದುವರಿದ ಮೇಲೂ ಈ ದಿನಗಳು ಉಳಿದುಕೊಂಡಿರುವುದು ಮಳೆ ಚಳಿಗಳನ್ನು ಕರಾರುವಾಕ್ಕಾಗಿ ಹೇಳುವುದಕ್ಕಲ್ಲ ಎಂದು ನನ್ನ ಗುಮಾನಿ. ಮೊಬೈಲಿನ ಮುನ್ಸೂಚನೆಯ ಜೊತೆ ಎಷ್ಟು ಬೇಕಾದರೂ ಚೌಕಾಶಿ ಮಾಡಬಹುದು. ರಾಣಿಯೊಂದಿಗೋ ದೈವಗಳೊಂದಿಗೋ ಅದು ನಡೆಯುವುದಿಲ್ಲ. ತುರಿಸುವ ಕೈಯನ್ನು ಹಿಡಿದಿಡಲು ಯಾರಾದರೂ ದೊಡ್ಡವರು ಬೇಕು. ಬೆಳೆ ಹೋದರೂ “ದಿನ ನೋಡಿಯೇ ಹಾಕಿದ್ದು” ಎನ್ನಲು ಒಂದು ಆಸರೆಯೂ ಆಯಿತು.

ರಜೆಯ ಮುಂಚಿನ ವಾರ ತಂಗಿ ಗಿಡಗಳಿಗೆ ಹೊರಗಿನ ಗಾಳಿ ರೂಢಿ ಮಾಡಿಸುತ್ತಾಳೆ. ಮಗುವನ್ನು ಬಾಲವಾಡಿಗೆ ಬಿಡುವ ಕ್ರಮವೇ ಅದು: ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಮರುದಿನ ಎರಡು, ಸಂಜೆ ತಪ್ಪದೆ ಒಳಗೆ. ಆಮೇಲೆ ನೆಲಕ್ಕೆ. ಆದರೆ ಒಂದು ವರ್ಷ ರಾಣಿಯೂ ಕೈಕೊಟ್ಟಳು. ನೆಟ್ಟ ಮೇಲೆ ಮತ್ತೆ ಹಿಮದ ಎಚ್ಚರಿಕೆ ಬಂತು. ಅಂಥ ರಾತ್ರಿ ಗಿಡದ ಮೇಲೆ ಬಟ್ಟೆ ಹೊದೆಸಬೇಕು, ಅಂಚು ನೆಲ ಮುಟ್ಟಬೇಕು, ಆಗ ಮಣ್ಣಿನ ಬಿಸಿ ಒಳಗೇ ಉಳಿಯುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದಲ್ಲೇ ಸುಡುತ್ತದೆ. ತಂಗಿ ಕಪಾಟಿನಲ್ಲಿದ್ದ ಹಳೆಯ ವಾಯಿಲ್ ಸೀರೆಗಳನ್ನೆಲ್ಲ ತಂದು ಬಸಳೆಗೆ ಉಡಿಸಿದಳು.

ಮರುದಿನ ಫೋನಿನಲ್ಲಿ ಅದನ್ನು ಕಂಡ ಚಿಕ್ಕಮ್ಮ ತನ್ನ ಬೆಂಡೆ ಸಾಲಿನ ಸುತ್ತ ಕಟ್ಟಿದ ಸೀರೆಗಳನ್ನೊಮ್ಮೆ ನೋಡಿ ಕೇಳಿದರು: “ಅಲ್ಲಿಯೂ ನವಿಲಿನ ಉಪದ್ರ ಉಂಟಾ?”