ನಾಟಿ ಮಾವ, ಹೈಬ್ರಿಡ್ ಕಾರು

ಹೊಸ ಕಾರು ಬಂದ ಮೊದಲ ಭಾನುವಾರವೇ ಅದನ್ನು ಮಾವನವರಿಗೆ ತೋರಿಸಲು ಮದ್ದೂರಿನ ಕಡೆ ಹೊರಟೆ. ಮಾವ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಚಕ್ರವನ್ನು ಪಾದದಿಂದ ಒತ್ತಿ ನೋಡಿ, ಹೋರಿ ಕೊಳ್ಳುವವರ ಗಾಂಭೀರ್ಯದಿಂದ ಕೇಳಿದರು: "ಯಾವ ತಳಿ?"

"ಹೈಬ್ರಿಡ್, ಮಾವ."

ಅವರ ಮುಖ ಸಪ್ಪಗಾಯಿತು. ತಪ್ಪು ನನ್ನದೇ. ಹೈಬ್ರಿಡ್ ಎಂಬ ಪದಕ್ಕೆ ಷೋರೂಮಿನಲ್ಲಿರುವ ಮರ್ಯಾದೆ ಹೊಲದಲ್ಲಿ ಇಲ್ಲ. ಮಾವನವರ ಪಾಲಿಗೆ ಲೋಕದಲ್ಲಿರುವುದು ಎರಡೇ ಬಗೆ, ನಾಟಿ ಮತ್ತು ಹೈಬ್ರಿಡ್. ನಾಟಿ ಟೊಮೆಟೊ ಸಾರಿಗೆ, ಹೈಬ್ರಿಡ್ ಟೊಮೆಟೊ ಲಾರಿಗೆ. "ನೋಡುವುದಕ್ಕೆ ದುಂಡಗಿರುತ್ತದೆ ಅಳಿಯಂದಿರೇ, ರುಚಿ ಇರುವುದಿಲ್ಲ. ಬೀಜ ಎತ್ತಿಟ್ಟುಕೊಂಡರೆ ಮುಂದಿನ ವರ್ಷ ನೆಟ್ಟಗೆ ಬರುವುದಿಲ್ಲ. ಮತ್ತೆ ಕಂಪನಿಯ ಬಾಗಿಲಿಗೇ ಹೋಗಿ ನಿಲ್ಲಬೇಕು. ಇದೂ ಹಾಗೆಯೇ ಏನು?" ಎಂದರು. ಸರ್ವೀಸ್ ಪುಸ್ತಕ ನೆನಪಾಗಿ ನಾನು ಸುಮ್ಮನಾದೆ.

ಕೊನೆಗೆ ಅವರ ಭಾಷೆಯಲ್ಲೇ ವಿವರಿಸಿದೆ. ಇದು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ಪೆಟ್ರೋಲಿನದು, ಇನ್ನೊಂದು ಕರೆಂಟಿನದು. ಹೊರಡುವಾಗ, ನಿಧಾನಕ್ಕೆ ಸಾಗುವಾಗ ಕರೆಂಟಿನ ಎತ್ತು ಎಳೆಯುತ್ತದೆ. ಏರು ಬಂದರೆ ಎರಡೂ ಹೆಗಲು ಕೊಡುತ್ತವೆ. ಬ್ರೇಕ್ ಒತ್ತಿದಾಗ ಚಕ್ರದ ಓಟವೇ ಕರೆಂಟಾಗಿ ಬ್ಯಾಟರಿಗೆ ವಾಪಸು ಹೋಗುತ್ತದೆ. ಹೊಸ ಹುಚ್ಚೂ ಅಲ್ಲ, ಜಪಾನಿನಲ್ಲಿ ಟೊಯೋಟಾದವರು ಪ್ರಿಯಸ್ ಎಂಬ ಇಂಥ ಕಾರನ್ನು 1997ರಲ್ಲೇ ಮಾರಾಟಕ್ಕೆ ಬಿಟ್ಟಿದ್ದರು.

ಮಾವ ಬಹಳ ಹೊತ್ತು ಯೋಚಿಸಿದರು. "ಹಗ್ಗ ಹಿಡಿದು ಎಳೆದಷ್ಟೂ ಹೊಟ್ಟೆ ತುಂಬುವ ಎತ್ತನ್ನು ನಾನು ಕಂಡಿಲ್ಲ" ಎಂದರು. ಆಮೇಲೆ ಕಾರಿನ ಹಿಂದೆ ಬಗ್ಗಿ ಪ್ಲಗ್ ಎಲ್ಲಿದೆ ಎಂದು ಹುಡುಕತೊಡಗಿದರು. ಇದಕ್ಕೆ ಪ್ಲಗ್ ಇಲ್ಲವೆಂದು ನಾನು ಹೇಳಿದ್ದನ್ನು ಅವರು ಇಂದಿಗೂ ನಂಬಿಲ್ಲ. ನಾನು ಊರಿಗೆ ಹೋದ ದಿನ ಪಂಪ್‌ಸೆಟ್ಟಿನ ಕರೆಂಟು ಹೋದರೆ ಅನುಮಾನದ ಕಣ್ಣು ಮೊದಲು ಬೀಳುವುದು ನನ್ನ ಕಾರಿನ ಮೇಲೆಯೇ.

ಈ ಕಾರು ನನ್ನ ಬುದ್ಧಿಯನ್ನೂ ಸ್ವಲ್ಪ ಕೆಡಿಸಿದೆ, ಒಪ್ಪಿಕೊಳ್ಳುತ್ತೇನೆ. ಮಾಮೂಲಿ ಕಾರಿಗೆ ಹೆದ್ದಾರಿಯಲ್ಲಿ ಮೈಲೇಜ್ ಹೆಚ್ಚು, ಊರೊಳಗೆ ಕಡಿಮೆ. ಇದಕ್ಕೆ ಎಲ್ಲವೂ ತಿರುಗುಮುರುಗು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಹೋದರೆ ಪೆಟ್ರೋಲಿನ ಎತ್ತೇ ಬೆವರಬೇಕು. ಬೆಂಗಳೂರಿನ ಜಾಮ್‌ನಲ್ಲಿ ತೆವಳಿದರೆ ಎಂಜಿನ್ ನಿದ್ರೆ ಮಾಡುತ್ತದೆ, ಪರದೆಯ ಮೇಲಿನ ಅಂಕಿ ಏರುತ್ತಲೇ ಇರುತ್ತದೆ. ಹೀಗಾಗಿ ಕೆಂಪು ದೀಪ ಕಂಡರೆ ನನಗೆ ಪುಳಕ. ಒಂದು ಸಂಜೆ ಗಾಂಧಿ ಬಜಾರಿಗೆ ಹೂವು ತರಲು ಹೊರಟಾಗ ನನ್ನ ಹೆಂಡತಿ ಅರ್ಧ ಗಂಟೆ ತಾಳ್ಮೆಯಿಂದಿದ್ದು, "ರೀ, ಜಯನಗರದಿಂದ ಗಾಂಧಿ ಬಜಾರಿಗೆ ಸಿಲ್ಕ್ ಬೋರ್ಡ್ ಮೇಲೆ ಏಕೆ ಹೋಗುತ್ತಿದ್ದೇವೆ?" ಎಂದು ಕೇಳಿದಳು. ಲೀಟರಿಗೆ ಇಪ್ಪತ್ತಾರು ಬರುತ್ತಿದೆ ಎಂದೆ. ಇಪ್ಪತ್ತಾರು ಕಿಲೋಮೀಟರ್ ಬಂದದ್ದು ನಿಜ. ಹೂವು ಬರಲಿಲ್ಲ. ಅಂಗಡಿ ಮುಚ್ಚಿತ್ತು.

ಇನ್ನೊಂದು ಕಷ್ಟ ಇದರ ಮೌನ. ನಿಂತಾಗ ಸದ್ದೇ ಇರುವುದಿಲ್ಲವಾದ್ದರಿಂದ ಆಫ್ ಆಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಒಂದು ರಾತ್ರಿ ಗುಂಡಿ ಒತ್ತುವುದನ್ನು ಮರೆತು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಇಳಿದು ಬಂದೆ. ಪಾಪ, ಅದು ಕೀ ಕೀ ಎಂದು ಕೂಗಿ ಹೇಳಿತಂತೆ. ಪಕ್ಕದ ಮನೆಯವರ ರಿವರ್ಸ್ ಗೇರಿನ ಸದ್ದೆಂದು ನಾನು ಲಿಫ್ಟ್ ಹತ್ತಿದೆ. ಎಸಿ, ದೀಪ ಎಲ್ಲ ಉರಿದು ಬ್ಯಾಟರಿ ಇಳಿದಾಗಲೆಲ್ಲ ಎಂಜಿನ್ ತಾನಾಗಿಯೇ ಎದ್ದು, ಕೆಲವು ನಿಮಿಷ ಗುರ್ರೆಂದು ಬ್ಯಾಟರಿ ತುಂಬಿಸಿ ಮತ್ತೆ ಮಲಗಿದೆ. ಹನ್ನೆರಡು ಗಂಟೆಗೆ ವಾಚ್‌ಮನ್ ಬಾಗಿಲು ಬಡಿದ. "ಸಾರ್, ನಿಮ್ಮ ಕಾರಿನಲ್ಲಿ ಯಾರೂ ಇಲ್ಲ, ಆದರೆ ಯಾರೋ ಸ್ಟಾರ್ಟ್ ಮಾಡುತ್ತಿದ್ದಾರೆ" ಎಂದ. ಕೆಳಗೆ ಹೋಗಿ ನೋಡಿದರೆ ಬಾನೆಟ್ ಮೇಲೆ ಕುಂಕುಮ ಹಚ್ಚಿದ ಎರಡು ನಿಂಬೆಹಣ್ಣು. ಅದು ಇಂಜಿನಿಯರಿಂಗ್ ಎಂದು ವಿವರಿಸಿದೆ. ಅವನು ತಲೆಯಾಡಿಸಿದ; ನಿಂಬೆಹಣ್ಣನ್ನು ಮಾತ್ರ ತೆಗೆಯಲಿಲ್ಲ.

ಇರಲಿ. ನನ್ನ ನಿಜವಾದ ಸಂಕಟ ಬೇರೆ. ವರ್ಷಗಟ್ಟಲೆ ಉಳಿಸಿ, ಆರು ಷೋರೂಮ್ ಅಲೆದು ಕಾರು ಕೊಂಡ ಮರುವಾರ ಕೆಳಮನೆಯವರೂ ಕಾರು ತಂದರು. ಲಾಂಛನ ಬೇರೆ, ಮೂತಿ ಬೇರೆ. ಬಾಗಿಲು ತೆರೆದರೆ ನನ್ನದೇ ಸ್ಟೀರಿಂಗ್, ನನ್ನದೇ ಗುಂಡಿಗಳು! 2022ರಲ್ಲಿ ಬಂದ ಟೊಯೋಟಾ ಹೈರೈಡರ್ ಮತ್ತು ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಹುಟ್ಟಿದ್ದು ಒಂದೇ ಹೆರಿಗೆ ಮನೆಯಲ್ಲಿ, ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ಅಡಿಪಾಯ ಸುಜುಕಿಯದು, ಹೈಬ್ರಿಡ್ ಎಂಜಿನ್ ಟೊಯೋಟಾದ್ದು. ಅದಕ್ಕೂ ಮೊದಲು, 2019ರಲ್ಲಿ, ಬಲೆನೋ ಕಾರು ಗ್ಲಾಂಜಾ ಎಂಬ ಹೆಸರಿನಲ್ಲಿ ಟೊಯೋಟಾ ಮನೆಗೆ ದತ್ತು ಹೋಗಿತ್ತು. ನನ್ನದು ಅವಳಿಗಳಲ್ಲಿ ಯಾವುದೆಂದು ಹೇಳುವುದಿಲ್ಲ. ಹೇಳಿದರೂ ನಮ್ಮ ಸೋದರತ್ತೆಯ ಮಟ್ಟಿಗೆ ವ್ಯತ್ಯಾಸವಾಗುತ್ತಿರಲಿಲ್ಲ.

ಮೊದಮೊದಲು ಸಿಟ್ಟು ಬಂದದ್ದು ನಿಜ. ಮದುವೆಗೆಂದು ಆರಿಸಿ ಉಟ್ಟ ಸೀರೆಯನ್ನೇ ನಾದಿನಿಯೂ ಉಟ್ಟು ಬಂದಂತೆ. ಆಮೇಲೆ ನನ್ನ ಹಳೆಯ ಡೀಸೆಲ್ ಸ್ವಿಫ್ಟ್ ನೆನಪಾಯಿತು. ಅದರ 1.3 ಲೀಟರ್ ಎಂಜಿನ್ ಫಿಯೆಟ್‌ನವರ ವಿನ್ಯಾಸ. ಅದೇ ಎಂಜಿನ್ ಟಾಟಾ ಇಂಡಿಕಾ ವಿಸ್ತಾದಲ್ಲಿತ್ತು, ತವರುಮನೆಯ ಪುಂಟೋ, ಲಿನಿಯಾಗಳಲ್ಲೂ ಇತ್ತು. ಭಾರತದ ರಾಷ್ಟ್ರೀಯ ಎಂಜಿನ್ ಎಂದು ಜನ ತಮಾಷೆ ಮಾಡುತ್ತಿದ್ದರು. ಒಬ್ಬನೇ ಅಡುಗೆ ಭಟ್ಟ ಒಂದೇ ಮುಹೂರ್ತಕ್ಕೆ ಮೂರು ಛತ್ರಗಳಲ್ಲಿ ಸಾರು ಮಾಡಿಸಿ, ಮೂರೂ ಕಡೆ "ನಮ್ಮ ಭಟ್ಟರ ಕೈರುಚಿ" ಎನಿಸಿಕೊಂಡಂತೆ. ಆಗ ಹೆಮ್ಮೆ ಪಟ್ಟವನು ಈಗ ಮುಖ ಊದಿಸಿಕೊಳ್ಳುವುದು ಯಾವ ನ್ಯಾಯ? ಅಷ್ಟಕ್ಕೂ ಬಿಡದಿಯ ತಟ್ಟೆ ಇಡ್ಲಿಯದೂ ಇದೇ ಕಥೆ. ತಟ್ಟೆ ಒಂದೇ ಅಳತೆ, ಬೋರ್ಡ್ ಬೇರೆ ಬೇರೆ, ಜಗಳವೆಲ್ಲ ಚಟ್ನಿಯದು.

ಪೂರ್ತಿ ಜ್ಞಾನೋದಯವಾದದ್ದು ಜೆ.ಸಿ. ರಸ್ತೆಯಲ್ಲಿ. ಗೇಟಿಗೆ ತಗುಲಿಸಿ ಪಕ್ಕದ ಕನ್ನಡಿ ಒಡೆದುಕೊಂಡಿದ್ದೆ. ಅಂಗಡಿಯವರು ಅವಳಿಯ ಹೆಸರಿದ್ದ ಡಬ್ಬಿ ತೆಗೆದಿಟ್ಟರು. ನನ್ನ ಕಂಪನಿಯ ಡಬ್ಬಿಯೇ ಬೇಕೆಂದು ಹಟ ಹಿಡಿದೆ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, "ಕಾರಿಗೆ ಕನ್ನಡಿ ಹಾಕಿಸುತ್ತೀರೋ ಡಬ್ಬಿ ಹಾಕಿಸುತ್ತೀರೋ?" ಎಂದರು.

ಕಳೆದ ಮಾಘದಲ್ಲಿ ಮಂಡ್ಯದಲ್ಲೊಂದು ಮದುವೆ. ಛತ್ರದ ಅಂಗಳದಲ್ಲಿ ಹದಿನೈದು ಬಿಳಿ ಕಾರುಗಳು, ಅವುಗಳ ನಡುವೆ ನನ್ನದೂ ಅದರ ಅವಳಿಯೂ. ಊಟ ಮುಗಿದು, ನಮ್ಮ ಸೋದರತ್ತೆ ಮೊದಲೇ ಹೋಗಿ ಕೂತಿರುತ್ತೇನೆಂದು ಹೊರಟರು. ನಾನು ಬಂದಾಗ ಅವರಿರಲಿಲ್ಲ. ಛತ್ರವನ್ನೆಲ್ಲ ಜಾಲಾಡಿದೆವು, ಅಡುಗೆಮನೆಯನ್ನೂ ಬಿಡಲಿಲ್ಲ. ಮುಕ್ಕಾಲು ಗಂಟೆಯ ನಂತರ ಫೋನ್ ಬಂತು. "ಏನೋ, ಶ್ರೀರಂಗಪಟ್ಟಣ ಬಂತು. ಬೆಂಗಳೂರಿಗೆ ಈ ಕಡೆಯಿಂದಲೂ ದಾರಿ ಇದೆಯೇ?"

ಅವಳಿ ಕಾರಿನ ಒಡೆಯರಾದ ನಂಜನಗೂಡಿನ ಕುಟುಂಬದವರು, ಈಕೆ ಗಂಡಿನ ಕಡೆಯ ಹಿರಿಯರು, ಎಲ್ಲಿಗೋ ಬಿಡಬೇಕಾಗಿದೆ, ಕೇಳಿದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನಿದ್ದರಂತೆ. ಅತ್ತೆ, ಇವರು ನನ್ನ ಹೆಂಡತಿಯ ಕಡೆಯ ನೆಂಟರು, ಕಾರು ಓಡಿಸಲು ನಾನೇ ಒಪ್ಪಿಸಿದ್ದೇನೆ ಎಂದುಕೊಂಡಿದ್ದರಂತೆ. ಹೋಟೆಲಿನ ಮುಂದೆ ಎರಡೂ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ಎಲ್ಲರೂ ಕಾಫಿ ಕುಡಿದೆವು.

"ಒಳಗೆ ಕೂತ ಮೇಲಾದರೂ ಗೊತ್ತಾಗಲಿಲ್ಲವೇ ಅತ್ತೆ?" ಎಂದು ಕೇಳಿದೆ.

"ಅನುಮಾನ ಬಂದಿತ್ತು. ಸೀಟಿನ ಮೇಲೆ ಕಡಲೆಕಾಯಿ ಸಿಪ್ಪೆ ಇರಲಿಲ್ಲ. ಮದುವೆಗೆಂದು ತೊಳೆಸಿರಬೇಕು ಅಂದುಕೊಂಡೆ."