ಗೀಸರ್ ತೊಟ್ಟಿಕ್ಕುತ್ತಿದ್ದರೆ ದಯವಿಟ್ಟು ಆ ತೂತು ಮುಚ್ಚಬೇಡಿ

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ತಲೆ ಎತ್ತಿ ನೋಡಿದೆ. ಗೀಸರಿಗೆ ತಣ್ಣೀರು ಹೋಗುವ ಪೈಪಿನಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದಲ್ಲ, ಅದರ ಪಕ್ಕದ ತೂತಿಗೆ ರಬ್ಬರ್ ಬಿರಡೆ ತುರುಕಿ, ಮೇಲೆ ಟೇಪ್ ಸುತ್ತಿ, ಸೀಲಂಟ್ ಮೆತ್ತಿದ್ದಾರೆ. "ಲೀಕ್ ಆಗ್ತಿತ್ತು ಕಣೋ, ರಿಪೇರಿಯವನು ಬಂದು ನಿಲ್ಲಿಸಿಕೊಟ್ಟ" ಎಂದರು ಚಿಕ್ಕಮ್ಮ. ಅದೇ ಗೀಸರ್ ಹಾಕಿಕೊಂಡು ಮನೆಯವರೆಲ್ಲ, ಮಕ್ಕಳೂ ಸೇರಿ, ಸ್ನಾನ ಮಾಡುತ್ತಿದ್ದಾರೆ.

ಬಾಯ್ಲರ್ ಸೆಕ್ಷನ್ನಿನಲ್ಲಿ ದುಡಿದ ನನಗೆ ಆ ಬಿರಡೆ ನೋಡಿದರೆ ಏನಾಗಬೇಡ, ನೀವೇ ಹೇಳಿ. ಮೊದಲು ಗೀಸರಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿದೆ. ಆಮೇಲೆ ಮಾತು.

ಅದು ಸೇಫ್ಟಿ ವಾಲ್ವ್. ಆ ತೂತು ಇರುವುದೇ ನೀರು ಹೊರಗೆ ಬರಲಿ ಎಂದು. ನೀರು ಬಿಸಿಯಾದರೆ ಹಿಗ್ಗುತ್ತದೆ. 25 ಲೀಟರ್ ಟ್ಯಾಂಕಿನ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು 380 ಮಿಲಿಲೀಟರ್ ಜಾಸ್ತಿಯಾಗುತ್ತದೆ. ಅದು ತಣ್ಣೀರಿನ ಪೈಪಿಗೆ ವಾಪಸ್ ಹೋಗದಂತೆ ಅದೇ ವಾಲ್ವ್ ತಡೆಯುತ್ತದೆ. ಬಿಸಿನೀರಿನ ನಲ್ಲಿ ಮುಚ್ಚಿದೆ. ಹಾಗಾದರೆ ಆ ಜಾಸ್ತಿ ನೀರು ಎಲ್ಲಿಗೆ ಹೋಗಬೇಕು? ಟ್ಯಾಂಕಿನೊಳಗೆ ಒತ್ತಡ ಏರಿದಾಗ ವಾಲ್ವಿನ ಸ್ಪ್ರಿಂಗ್ ಸ್ವಲ್ಪ ಸರಿದು ಆ ತೂತಿನಿಂದ ಹನಿ ಬಿಡುತ್ತದೆ. ಕಾಯುವಾಗ ಮಾತ್ರ ಹನಿಯುತ್ತಿದ್ದರೆ ಅದು ಲೀಕ್ ಅಲ್ಲ. ಅದು ವಾಲ್ವ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ.

ಕುಕ್ಕರಿನ ವೆಯ್ಟ್ ಮೇಲೆ ಕಲ್ಲು ಹೇರಿ ಯಾರಾದರೂ ಅನ್ನ ಮಾಡುತ್ತಾರಾ? ಗೀಸರಿಗೆ ಮಾತ್ರ ಅದನ್ನೇ ಮಾಡಿ, ರಿಪೇರಿ ಆಯಿತು ಎಂದು ಹಣವನ್ನೂ ತೆಗೆದುಕೊಂಡು ಹೋಗುತ್ತಾರೆ!

ಚಿಕ್ಕಪ್ಪ ಅಡ್ಡಬಂದರು. "ಥರ್ಮೋಸ್ಟಾಟ್ ಇದೆಯಲ್ಲೋ, ಕಾದ ಮೇಲೆ ತಾನೇ ಆಫ್ ಆಗುತ್ತೆ, ಇಷ್ಟೊಂದು ಯಾಕೆ ಹೆದರಿಸ್ತೀಯ?" ಇದೆ, ಒಪ್ಪಿದೆ. ಅದರ ಜೊತೆಗೆ, ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್ ಕೂಡ ಇರುತ್ತದೆ. ಬಹಳ ಸಲ ಅವೆರಡೂ ಕಾಪಾಡುತ್ತವೆ. ಆದರೆ ಥರ್ಮೋಸ್ಟಾಟಿನೊಳಗೆ ಕರೆಂಟ್ ಕೂಡಿಸಿ ಕಡಿಯುವ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಅದು ಆಫ್ ಆಗುವುದಿಲ್ಲ. ಕಟ್‌ಔಟ್ ಕೂಡ ಕೈಕೊಟ್ಟರೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಇನ್ನೂ ಕಾಯುತ್ತಾ ಹೋಗುತ್ತದೆ. ಅಂಥ ಟ್ಯಾಂಕ್ ಒಡೆದರೆ ಒತ್ತಡ ಒಮ್ಮೆಲೇ ಇಳಿದು ಅದರಲ್ಲಿ ಒಂದು ಪಾಲು ನೀರು ಆ ಕ್ಷಣವೇ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಗೋಡೆ, ಬಾಗಿಲು ಯಾವುದೂ ತಡೆಯುವುದಿಲ್ಲ. ಕರೆಂಟಿನ ಭಾಗಗಳು ಸೋತಾಗ ಉಳಿಯುವುದು ಆ ಸ್ಪ್ರಿಂಗ್ ಒಂದೇ.

ಥರ್ಮೋಸ್ಟಾಟ್ ಸರಿಯಾಗಿಯೇ ಇದೆ ಎಂದುಕೊಳ್ಳಿ. ಆಗಲೂ ನಷ್ಟ ತಪ್ಪಿದ್ದಲ್ಲ. ಪ್ರತಿ ಸಲ ಕಾಯಿಸಿದಾಗಲೂ ಹಿಗ್ಗಿದ ನೀರು ಟ್ಯಾಂಕನ್ನೇ ತಳ್ಳುತ್ತದೆ. ಬೆಸುಗೆ ಸಡಿಲವಾಗುತ್ತದೆ, ಒಳಗಿನ ಗ್ಲಾಸ್ ಲೇಪ ಬಿರುಕು ಬಿಡುತ್ತದೆ, ಉಕ್ಕಿಗೆ ತುಕ್ಕು ಹತ್ತುತ್ತದೆ. ಲೀಕ್ ಅಲ್ಲದ್ದನ್ನು ನಿಲ್ಲಿಸಲು ಹೋಗಿ ನಿಜವಾದ ಲೀಕ್ ತಂದುಕೊಂಡ ಹಾಗೆ. ಇದನ್ನು ಹೇಳಿದಾಗ ಚಿಕ್ಕಪ್ಪ ಸುಮ್ಮನಾದರು. ಹಿರಿಯರ ಮುಂದೆ ನನ್ನ ದನಿ ಏರಿತ್ತು, ನಿಜ. ಆದರೆ ಆ ಬಚ್ಚಲಿಗೆ ಹೋಗುವ ಮಕ್ಕಳ ಮುಖ ಕಣ್ಣ ಮುಂದೆ ಇದ್ದಾಗ ಮೆತ್ತಗೆ ಮಾತಾಡಲು ನನ್ನಿಂದ ಆಗಲ್ಲ.

ಗೋಡೆ ಒದ್ದೆಯಾಗುತ್ತದೆ ಎನ್ನುವುದು ನಿಜವಾದ ತೊಂದರೆ. ಅದಕ್ಕೆ ಆ ತೂತಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ, ಇಳಿಜಾರಾಗಿ ಕೆಳಗೆ ಬಿಡಿ. ಪೈಪಿನ ತುದಿ ತೆರೆದಿರಬೇಕು, ಅಷ್ಟೇ. ಇಷ್ಟು ಸುಲಭದ ಕೆಲಸ ಬಿಟ್ಟು ಬಿರಡೆ ಯಾಕೆ ಹುಡುಕಬೇಕು?

ಗೀಸರ್ ಆಫ್ ಇದ್ದಾಗಲೂ ಅಲ್ಲಿ ಹನಿ ನಿಲ್ಲದಿದ್ದರೆ ಕಥೆ ಬೇರೆ. ವಾಲ್ವಿನೊಳಗೆ ಕಸ ಅಥವಾ ಗಡಸು ನೀರಿನ ಸುಣ್ಣ ಕೂತಿರಬಹುದು, ಇಲ್ಲವೇ ಬರುವ ನೀರಿನ ಒತ್ತಡವೇ ಜಾಸ್ತಿ ಇರಬಹುದು. ಆಗ ವಾಲ್ವ್ ಬದಲಿಸಬೇಕು, ಒತ್ತಡ ನೋಡಿಸಬೇಕು. ಮುಚ್ಚುವುದಂತೂ ಆಗಲೂ ಇಲ್ಲ.

ಬೇರೆ ಕಡೆಯಿಂದ ಸೋರುತ್ತಿದ್ದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ನೀರು ಮುಟ್ಟುವುದು ಆಮೇಲೆ. ಒಳಗೆ ಕರೆಂಟ್ ಇದೆ ಎಂಬುದನ್ನು ಜನ ಮರೆತೇಬಿಡುತ್ತಾರೆ. ತಣ್ಣಗಾಗಲು ಬಿಡಿ, ಒಳಬರುವ ನೀರು ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ. ಆಮೇಲೆ ಎಲ್ಲ ಕಡೆ ಒಣಬಟ್ಟೆಯಿಂದ ಒರೆಸಿ. ಕರೆಂಟ್ ಹಾಕದೆ ನೀರು ಮಾತ್ರ ಬಿಟ್ಟು, ಮೊದಲ ಹನಿ ಎಲ್ಲಿ ಕಾಣುತ್ತದೆ ನೋಡಿ. ಪೈಪಿನ ಜಾಯಿಂಟ್ ಆದರೆ ವಾಷರ್ ಹೋಗಿರಬಹುದು. ಹೀಟಿಂಗ್ ಎಲಿಮೆಂಟ್ ಕೂರಿಸಿದ ಕಡೆ ಆದರೆ ಗ್ಯಾಸ್ಕೆಟ್ ಹಳಸಿರುತ್ತದೆ. ಇವೆರಡೂ ರಿಪೇರಿಯಾಗುವಂಥವು. ಹೊರಗಿನ ಕವಚದಿಂದ ತುಕ್ಕಿನ ಬಣ್ಣದ ನೀರು ಒಸರುತ್ತಿದ್ದರೆ ಬಹುಪಾಲು ಟ್ಯಾಂಕೇ ತೂತಾಗಿದೆ. ಟ್ಯಾಂಕಿನ ಸುತ್ತ ಫೋಮ್ ಇರುವುದರಿಂದ ಒಂದು ಕಡೆ ಸೋರಿದ ನೀರು ಇನ್ನೊಂದು ಕಡೆ ಕಾಣಿಸುತ್ತದೆ. ತೂತಾದ ಟ್ಯಾಂಕಿಗೆ ಯಾವ ಸೀಲಂಟೂ ನಿಲ್ಲುವುದಿಲ್ಲ, ಹೊಸದೇ ತರಬೇಕು. "ಬೆಸುಗೆ ಹಾಕಿಕೊಡ್ತೀನಿ" ಎನ್ನುವವರನ್ನು ನಂಬಬೇಡಿ.

ಹೊಸದು ತಂದವರು ಅದರ ಆನೋಡ್ ರಾಡ್ ಮರೆಯಬೇಡಿ. ಅದು ಟ್ಯಾಂಕಿನೊಳಗಿನ ಮೆಗ್ನೀಷಿಯಂ ಸಲಾಕೆ. ಟ್ಯಾಂಕಿನ ಉಕ್ಕಿನ ಬದಲು ತಾನೇ ಸವೆಯುತ್ತದೆ. ಅದು ಪೂರ್ತಿ ಸವೆದ ಮೇಲೆ ತುಕ್ಕು ಟ್ಯಾಂಕಿಗೆ ಕೈ ಹಾಕುತ್ತದೆ. ವರ್ಷ ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸಿ, ಗಡಸು ನೀರಿದ್ದರೆ ಇನ್ನೂ ಬೇಗ.

ನಿಮ್ಮ ವಾಲ್ವಿನಲ್ಲಿ ಪುಟ್ಟ ಲಿವರ್ ಇದ್ದರೆ ತಿಂಗಳಿಗೊಮ್ಮೆ, ಗೀಸರ್ ತಣ್ಣಗಿದ್ದಾಗ, ಎತ್ತಿ ನೋಡಿ. ಆ ತೂತಿನಿಂದ ನೀರು ಬರಬೇಕು. ಬರದಿದ್ದರೆ ವಾಲ್ವ್ ಕಟ್ಟಿಕೊಂಡಿದೆ. ಅದನ್ನು ಬದಲಿಸುವವರೆಗೆ ಸ್ವಿಚ್ ಹಾಕಬೇಡಿ, ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಚಿಕ್ಕಮ್ಮನಿಗೂ ಅದನ್ನೇ ಹೇಳಿ ಬಂದಿದ್ದೇನೆ.