ಕೂತವಳನ್ನು ದೋಣಿಯಿಂದ ಇಳಿಸಿದರು

ಕೈ ಇನ್ನೂ ನಡುಗ್ತಿದೆ. ಆ ಹಸಿರು ಜಾಕೆಟ್ಟಿನ ದೋಣಿಯವನ ಮುಖ ಕಣ್ಣಿಂದ ಹೋಗ್ತಾನೇ ಇಲ್ಲ.

ಅಮ್ಮ ಕೂತಾಗಿತ್ತು ರೀ! ಮಂಡಿನೋವು ಇಟ್ಟುಕೊಂಡು ಕಾಶಿಯ ಹನುಮಾನ್ ಘಾಟಿನ ಮೆಟ್ಟಿಲು ಇಳಿದು, ಇಬ್ಬರು ತೋಳು ಹಿಡಿದು ಹತ್ತಿಸಿ, ಹಲಗೆ ಮೇಲೆ ಕೂತು ಮಡಿಲಲ್ಲಿ ಹಣತೆ ಬುಟ್ಟಿ ಇಟ್ಟುಕೊಂಡಿದ್ದಳು. ಬತ್ತಿ ಊರಲ್ಲೇ ಹೊಸೆದು ತಂದಿದ್ದು. ಅವನು ಬಂದ. 'ಮಾತಾಜೀ, ಉತರಿಯೇ', ಇಳೀರಿ ಅಂತ. ಅಮ್ಮನಿಗೆ ಹಿಂದಿ ಬರಲ್ಲ. ಪ್ರಸಾದ ಕೊಡ್ತಾನೇನೋ ಅಂತ ಕೈ ಚಾಚಿದಳು. ಚಾಚಿದ ಕೈಯನ್ನೇ ಹಿಡಿದು ಎಬ್ಬಿಸಿದ. ದೋಣಿ ತುಂಬ ಜನ ನೋಡ್ತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಅದೇ ಹಲಗೆ ಮೇಲೆ ಕ್ಯಾಮೆರಾ ಹಿಡಿದ ಗುಂಪು ಬಂದು ಕೂತಿತು.

ಮುಂಗಡ ಕೊಟ್ಟಿದ್ದೀವಿ, ಫೋನಲ್ಲಿದೆ ನೋಡು ಅಂದೆ. ನೋಡಲೂ ಇಲ್ಲ. 'ಆಜ್ ದೇವ್ ದೀಪಾವಲೀ ಹೈ' ಅಂದ. ಅಷ್ಟೇ ಉತ್ತರ. ತ್ರಿಪುರಾಸುರನ ಸಂಹಾರ ಆಯಿತು ಅಂತ ದೇವತೆಗಳೇ ಗಂಗೆಗೆ ಇಳಿದು ಬರೋ ಕಾರ್ತಿಕ ಹುಣ್ಣಿಮೆಯಂತೆ, ಮುದುಕಿಗೆ ಮಾತ್ರ ದೋಣೀಲಿ ಜಾಗ ಇಲ್ಲ!

ಹೋಗಲಿ, ಅವರದೂ ಹೊಟ್ಟೆಪಾಡು. ಮಳೆಗಾಲದಲ್ಲಿ ಗಂಗೆ ಏರಿದರೆ ದೋಣಿ ಇಳಿಸೋಕೇ ಬಿಡಲ್ಲ, ಆ ದಿನಗಳ ಅನ್ನಾನೂ ಇಂಥ ರಾತ್ರೀಲೇ ದುಡೀಬೇಕು. ಹೆಚ್ಚು ಕೇಳಲಿ, ಕೊಡ್ತಿದ್ದೆ. ಕೇಳಲೇ ಇಲ್ವಲ್ಲ! ಮೊದಲೇ ಬೇರೆಯವರಿಗೆ ಮಾರಿಬಿಟ್ಟಿದ್ದ.

ಅಮ್ಮ ನೋಡಬೇಕು ಅಂದಿದ್ದು ಒಂದೇ, ಪಂಚಗಂಗಾ ಘಾಟಿನಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ ಕಲ್ಲಿನ ಸಾವಿರ ದೀಪದ ಕಂಬ ಉರಿಯೋದು. ಈಗಿನ ಈ ಹಬ್ಬ 1985ರ ಸುಮಾರಿಗೆ ಶುರುವಾಗಿದ್ದೂ ಆ ಘಾಟಿನಲ್ಲೇ. ಆ ಜನಜಂಗುಳೀಲಿ ಅಲ್ಲಿವರೆಗೆ ಅವಳನ್ನು ನಡೆಸೋದು ಹೇಗೆ? ರಸ್ತೇಲಿ ಗಾಡಿ ಬಿಡಲ್ಲ. ದೋಣಿ ಬಿಟ್ಟರೆ ಗತಿಯಿಲ್ಲ. ಅಸ್ಸಿಯಿಂದ ರಾಜ್‌ಘಾಟಿನವರೆಗೆ ಎಂಬತ್ತಕ್ಕೂ ಹೆಚ್ಚು ಘಾಟು ಬೆಳಗೋಕೆ ಲಕ್ಷಗಟ್ಟಲೆ ಹಣತೆ ಎಣಿಸಿ ಇಡೋ ಆಡಳಿತಕ್ಕೆ, ವಯಸ್ಸಾದವರಿಗೆ ಅಂತ ನಾಲ್ಕು ದೋಣಿ ಇಡೋಕಾಗಲ್ವಾ? ಆ ಒಂದು ರಾತ್ರಿ ದೋಣಿಗೆ ಇಷ್ಟೇ ದರ ಅಂತ ಘಾಟಿನಲ್ಲಿ ಬೋರ್ಡ್ ಹಾಕಿ, ಪಕ್ಕದಲ್ಲೊಬ್ಬ ಪೊಲೀಸ್ ನಿಲ್ಲಿಸೋಕಾಗಲ್ವಾ?

ಬಿಡಿ, ಕೇಳಿ ಏನು ಪ್ರಯೋಜನ. ಮುಂದಿನ ವರ್ಷವೂ ಹೀಗೇ.

'ಬಿಡೋ, ಇಲ್ಲೇ ಹಚ್ತೀನಿ' ಅಂತ ಅಮ್ಮ ಮೆಟ್ಟಿಲ ಮೇಲೇ ಕೂತಳು. ಅವಳು ಅತ್ತಿದ್ದರೂ ನನಗೆ ಇಷ್ಟು ಉರೀತಿರಲಿಲ್ಲ. 'ನಾನೇನು ತಪ್ಪು ಮಾಡಿದೆ, ಯಾಕೆ ಇಳಿಸಿದ?' ಅಂತ ಆಮೇಲೆ ರೂಮಲ್ಲಿ ಕೇಳಿದಳು.

ಮುಂಗಡ ವಾಪಸ್ ಬೇಡ. ಅಲ್ಲಿ ದೋಣಿ ನಡೆಸೋರು, ಹಬ್ಬ ಮಾಡಿಸೋರು, ಘಾಟು ನೋಡಿಕೊಳ್ಳೋರು, ಯಾರಾದರೂ ಸರಿ, ಅವಳಿಗೊಂದು ಉತ್ತರ ಕೊಡಿ.